ಸ್ಯಾಂಟಿಯಾಗೊದ ಟೈಫಾಯ್ಡ್ ಮತ್ತು ನಮ್ಮ ಸೊಪ್ಪಿನ ಕಟ್ಟು

ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೊದಲ್ಲಿ 1980ರ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳಿಗೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬರುತ್ತಿತ್ತು. ಬಹುಪಾಲು ಮನೆಗಳಿಗೆ ಒಳಚರಂಡಿ ಇತ್ತು. ಹಸುಗೂಸುಗಳ ಸಾವು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಭೇದಿಯಿಂದ ಸಾಯುವ ಮಕ್ಕಳ ಸಂಖ್ಯೆಯೂ ಇಳಿಯುತ್ತಿತ್ತು. ಆದರೆ ಟೈಫಾಯ್ಡ್ ಏರಿತು. 1970ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗೆ ಅದು ಮೇಲೇರುತ್ತಾ ಹೋಗಿ, 1 ಲಕ್ಷ ಜನಕ್ಕೆ ವರ್ಷಕ್ಕೆ 200 ಪ್ರಕರಣಗಳ ಆಸುಪಾಸು ಮುಟ್ಟಿತು. ಬಡಾವಣೆಯ ಶ್ರೀಮಂತಿಕೆ ನೋಡಿ ಬಿಡುವ ಕಾಯಿಲೆಯೂ ಅದಾಗಿರಲಿಲ್ಲ. ಹೆಚ್ಚು ಕಾಯಿಲೆ ಬಿದ್ದವರು ಶಾಲೆಗೆ ಹೋಗುವ ಮಕ್ಕಳು, ಅದೂ ಬೇಸಿಗೆಯಲ್ಲಿ.

ನಲ್ಲಿ ನೀರು ಶುದ್ಧವಾದರೆ ಟೈಫಾಯ್ಡ್ ಹೋಗುತ್ತದೆ ಎಂಬುದು ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಯುರೋಪಿನ ನಗರಗಳು ಕಲಿಸಿದ ಪಾಠ. ಅಲ್ಲಿ ಅದು ನಿಜವೂ ಆಗಿತ್ತು. ಸ್ಯಾಂಟಿಯಾಗೊದಲ್ಲಿ ಆ ಪಾಠ ಕೈಕೊಟ್ಟಿತು. ಯಾಕೆ ಎಂದು ತಿಳಿಯಬೇಕಾದರೆ ಶೌಚಾಲಯದಲ್ಲಿ ಸುರಿದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ನೋಡಬೇಕು. ಮನೆಗಳಿಂದ ಹೊರಟ ಒಳಚರಂಡಿ ಊರ ನಡುವೆ ಹರಿಯುವ ಮಾಪೋಚೊ ನದಿಗೆ, ಸಾಂಜೋನ್ ಡೆ ಲಾ ಅಗ್ವಾಡ ಎಂಬ ದೊಡ್ಡ ಕಾಲುವೆಗೆ ಬೀಳುತ್ತಿತ್ತು. ಶುದ್ಧೀಕರಣ ಘಟಕ ಎಂಬುದು ಇರಲಿಲ್ಲವೆಂದೇ ಹೇಳಬೇಕು. ಊರಂಚಿನ ತೋಟಗಳು ಅದೇ ನೀರನ್ನು ಕಾಲುವೆಯಿಂದ ತಿರುಗಿಸಿಕೊಂಡು ಲೆಟ್ಯೂಸ್, ಕೊತ್ತಂಬರಿ, ಎಲೆಕೋಸು ಬೆಳೆಯುತ್ತಿದ್ದವು. ಅಲ್ಲಿ ಬೇಸಿಗೆಯೆಂದರೆ ಒಣಹವೆ, ಮಳೆಯಿಲ್ಲ. ಬೆಳೆ ನಿಂತಿರುವುದೇ ಕಾಲುವೆ ನೀರಿನ ಮೇಲೆ. ಹಸಿ ಸಲಾಡ್ ಹೆಚ್ಚು ತಿನ್ನುವುದೂ ಅದೇ ತಿಂಗಳುಗಳಲ್ಲಿ. ನಲ್ಲಿಯಲ್ಲಿ ಶುದ್ಧವಾಗಿ ಬಂದ ನೀರು ಊರನ್ನೆಲ್ಲ ಹಾದು ತಟ್ಟೆಯ ಮೂಲಕ ಮನೆಗೆ ವಾಪಸಾಗುತ್ತಿತ್ತು.

ಟೈಫಾಯ್ಡಿಗೆ ಕಾರಣವಾದ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಮಾತ್ರ ನೆಲೆಸುತ್ತದೆ. ದನ, ಕೋಳಿ, ಇಲಿ ಯಾವುದರಲ್ಲೂ ಇಲ್ಲ. ಹಾಗಾಗಿ ಪ್ರತಿ ರೋಗಿಯ ಹಿಂದೆ ಇನ್ನೊಬ್ಬ ಮನುಷ್ಯನ ಮಲ ಇದ್ದೇ ಇರುತ್ತದೆ. ಪತ್ತೆ ಹಚ್ಚುವುದು ಕಷ್ಟವಾಗಲು ಮೊದಲ ಕಾರಣ ಕಾಲ. ತಿಂದ ದಿನದಿಂದ ಜ್ವರ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಎರಡು ವಾರದ ಹಿಂದೆ ಮಂಗಳವಾರ ಮಧ್ಯಾಹ್ನ ಏನು ತಿಂದಿರಿ ಎಂದರೆ ಯಾರಿಗೆ ನೆನಪಿರುತ್ತದೆ? ಎರಡನೆಯ ಕಾರಣ ವಾಹಕರು. ಕಾಯಿಲೆ ಬಂದು ಗುಣವಾದ ನೂರು ಜನರಲ್ಲಿ ಎರಡರಿಂದ ಐದು ಜನರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಉಳಿದುಬಿಡುತ್ತದೆ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಆ ಕಲ್ಲಿನ ಮೇಲೆ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಕೂರುತ್ತದೆ. ಆ ವ್ಯಕ್ತಿಗೆ ಜ್ವರವಿಲ್ಲ, ನೋವಿಲ್ಲ, ಗೊತ್ತೂ ಇಲ್ಲ. ಚಿಲಿಯಲ್ಲಿ ಪಿತ್ತಕೋಶದ ಕಲ್ಲು ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಕಾಯಿಲೆಗಳಲ್ಲೊಂದು, ಅದರಲ್ಲೂ ನಡುವಯಸ್ಸಿನ ಹೆಂಗಸರಲ್ಲಿ. ಅಂದರೆ ಮನೆಯಲ್ಲಿ ಅಡುಗೆ ಮಾಡುವವರಲ್ಲೇ.

ಇನ್ನೊಂದು ವಿಚಾರ ಪ್ರಮಾಣದ್ದು. ಅಮೆರಿಕದಲ್ಲಿ ಸ್ವಯಂಸೇವಕರ ಮೇಲೆ ನಡೆದ ಹಳೆಯ ಪ್ರಯೋಗಗಳಲ್ಲಿ, ಸಾವಿರ ಬ್ಯಾಕ್ಟೀರಿಯಾ ಕುಡಿದವರಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ. 1 ಲಕ್ಷ ಕುಡಿದವರಲ್ಲಿ ಸುಮಾರು ಕಾಲು ಭಾಗ, 1 ಕೋಟಿ ಕುಡಿದವರಲ್ಲಿ ಅರ್ಧದಷ್ಟು ಜನ ಕಾಯಿಲೆ ಬಿದ್ದರು. ನೀರಿನಲ್ಲಿ ಈ ಬ್ಯಾಕ್ಟೀರಿಯಾ ಬದುಕಿರಬಲ್ಲದು, ಹೆಚ್ಚಲಾರದು. ಆಹಾರದಲ್ಲಿ ಹಾಗಲ್ಲ. ಬೆಚ್ಚಗಿನ ಹೊತ್ತಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾದರೆ ಒಂದು ಕಣ ಆರು ಗಂಟೆಯಲ್ಲಿ ಎರಡೂವರೆ ಲಕ್ಷ ಮೀರುತ್ತದೆ. ಬೆಳಿಗ್ಗೆ ಎಂಟಕ್ಕೆ ಸೊಪ್ಪು ಹೆಚ್ಚಿ ಹಾಕಿದ ಪದಾರ್ಥವನ್ನು ಮಧ್ಯಾಹ್ನ ಎರಡಕ್ಕೆ ತಿನ್ನುವ ಮಗುವಿನ ಲೆಕ್ಕ ಇದು. ಸ್ಯಾಂಟಿಯಾಗೊದಲ್ಲಿ ಕಾಯಿಲೆ ಬಿದ್ದ ಮಕ್ಕಳನ್ನೂ ಬೀಳದ ಮಕ್ಕಳನ್ನೂ ಹೋಲಿಸಿದಾಗ, ಶಾಲೆಯಲ್ಲಿ ಕೊಂಡು ತಿನ್ನುವುದು, ಡಬ್ಬಿ ಹಂಚಿಕೊಳ್ಳುವುದು, ಹೊರಗೆ ಬಣ್ಣದ ಐಸ್ ತಿನ್ನುವುದು ಕಾಯಿಲೆ ಬಿದ್ದವರಲ್ಲೇ ಹೆಚ್ಚು ಕಂಡಿತು. ಮೊದಲ ನೋಟಕ್ಕೆ ಇದು ಬೀದಿ ತಿನಿಸಿನ ಕತೆ. ಆದರೆ ತಿನಿಸಿನೊಳಗೆ ಬ್ಯಾಕ್ಟೀರಿಯಾವನ್ನು ದಿನದಿನವೂ ತಂದು ಹಾಕುತ್ತಿದ್ದದ್ದು ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಉತ್ತರ ಕೊಟ್ಟದ್ದು ಒಂದು ತುಂಡು ಬಟ್ಟೆ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬ್ರೆಂಡನ್ ಮೂರ್ ಎಂಬವರು ಊರೊಂದರ ಚರಂಡಿಗಳಲ್ಲಿ ಪ್ಯಾರಾಟೈಫಾಯ್ಡ್ (ಟೈಫಾಯ್ಡಿನಂಥದೇ ಇನ್ನೊಂದು ಜ್ವರ) ವಾಹಕರನ್ನು ಹುಡುಕಲು ಬಳಸಿದ ಉಪಾಯ ಇದು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಸುಮಾರು ನಾಲ್ಕಡಿ ಉದ್ದ, ಅರ್ಧ ಅಡಿ ಅಗಲಕ್ಕೆ ಕತ್ತರಿಸಿ, ಮಡಚಿ, ನಡುವೆ ತಂತಿಯಿಂದ ಬಿಗಿದು, ಹರಿಯುವ ಚರಂಡಿಯಲ್ಲಿ ಎರಡು ಮೂರು ದಿನ ಇಳಿಬಿಡುತ್ತಾರೆ. ಒಂದು ಬಾಟಲಿ ನೀರು ಎತ್ತಿದರೆ ಸಿಗುವುದು ಆ ಒಂದು ಕ್ಷಣದ ನೀರು. ಬಟ್ಟೆಯಾದರೋ ಎರಡು ದಿನ ಹರಿದ ನೀರನ್ನೆಲ್ಲ ಸೋಸಿ ಹಿಡಿದಿರುತ್ತದೆ. ಮೇಲೆತ್ತಿದ ಬಟ್ಟೆ ಕಪ್ಪಗೆ, ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವಂತೆ ನಾರುತ್ತದೆ. ಅದನ್ನು ನೇರ ಲ್ಯಾಬಿಗೆ ಒಯ್ದು, ಬೇರೆ ಬ್ಯಾಕ್ಟೀರಿಯಾಗಳನ್ನು ತಡೆದು ಸಾಲ್ಮೊನೆಲ್ಲಾಗೆ ಮಾತ್ರ ಅನುಕೂಲವಾದ ದ್ರಾವಣದಲ್ಲಿ ಅದ್ದಿ ಬೆಳೆಸುತ್ತಾರೆ. ಸ್ಯಾಂಟಿಯಾಗೊದ ನದಿಯಲ್ಲಿ, ತೋಟಗಳಿಗೆ ನೀರು ಹೊರುವ ಕಾಲುವೆಗಳಲ್ಲಿ ಈ ಬಟ್ಟೆ ಇಳಿಬಿಟ್ಟಾಗ ಸಾಲ್ಮೊನೆಲ್ಲಾ ಟೈಫಿಯೇ ಸಿಕ್ಕಿತು.

ಹಾಗೆಂದು ಆಗಲೇ ಕಾಲುವೆ ಮುಚ್ಚಲಿಲ್ಲ. ಒಳಚರಂಡಿ ಶುದ್ಧೀಕರಣಕ್ಕೆ ಬೇಕಾದ ಹಣ ದೊಡ್ಡದು. ಅದರ ಬದಲು ಲಸಿಕೆ ಕೈಗೆತ್ತಿಕೊಂಡರು. ಟಿವೈ21ಎ ಎಂಬ ನುಂಗುವ ಲಸಿಕೆಯ ದೊಡ್ಡ ಪರೀಕ್ಷೆಗಳು 1982ರಿಂದ ಸ್ಯಾಂಟಿಯಾಗೊದ ಶಾಲೆಗಳಲ್ಲೇ ನಡೆದವು. 1983ರಲ್ಲಿ 1 ಲಕ್ಷಕ್ಕೂ ಹೆಚ್ಚು ಮಕ್ಕಳು ಸೇರಿದ್ದ ಪರೀಕ್ಷೆಯಲ್ಲಿ, ದಿನ ಬಿಟ್ಟು ದಿನ ಒಂದರಂತೆ ಒಟ್ಟು ಮೂರು ಮಾತ್ರೆ ನುಂಗಿದವರಿಗೆ ಮೂರು ವರ್ಷಗಳವರೆಗೆ ಶೇ 67ರಷ್ಟು ರಕ್ಷಣೆ ಸಿಕ್ಕಿತು. ಈ ಪರೀಕ್ಷೆಗಳ ಕಾಲದಲ್ಲಿ ಊರಿನ ಒಟ್ಟು ಸಂಖ್ಯೆಯೂ ಇಳಿಯಿತು. ಆದರೆ ಪೂರ್ತಿ ಇಳಿಯಲಿಲ್ಲ. ಮೂಲ ಹರಿಯುತ್ತಲೇ ಇತ್ತು.

ಪೂರ್ತಿ ಇಳಿಸಿದ್ದು ಇನ್ನೊಂದು ಕಾಯಿಲೆಯ ಭಯ. 1991ರ ಜನವರಿಯಲ್ಲಿ ಪಕ್ಕದ ಪೆರುವಿನ ಕರಾವಳಿಯಲ್ಲಿ ಕಾಲರಾ ಹೊತ್ತಿಕೊಂಡಿತು. ಆ ಒಂದೇ ವರ್ಷ ಪೆರುವಿನಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಏಪ್ರಿಲ್ ಹೊತ್ತಿಗೆ ಕಾಲರಾ ಸ್ಯಾಂಟಿಯಾಗೊಕ್ಕೂ ಕಾಲಿಟ್ಟಿತು. ಸರ್ಕಾರ ತಡಮಾಡಲಿಲ್ಲ. ಕೊಳಚೆ ನೀರಿನಲ್ಲಿ ಬೆಳೆದ, ಹಸಿಯಾಗಿ ತಿನ್ನುವ ತರಕಾರಿ ಬೆಳೆಯುವುದನ್ನೂ ಮಾರುವುದನ್ನೂ ನಿಷೇಧಿಸಿತು. ನಿಂತ ಬೆಳೆಯನ್ನು ನಾಶಮಾಡಿಸಿತು. ಹೋಟೆಲುಗಳಲ್ಲಿ ಹಸಿ ತರಕಾರಿ ಬಡಿಸುವುದನ್ನು ನಿಲ್ಲಿಸಿತು. ಕಾಲರಾ ಚಿಲಿಯಲ್ಲಿ ಆ ವರ್ಷ ಕೆಲವು ಹತ್ತು ಪ್ರಕರಣಗಳಿಗೇ ನಿಂತುಹೋಯಿತು. ಜೊತೆಗೆ, ಯಾರೂ ಆಗ ಗುರಿಯಿಟ್ಟಿರದ ಟೈಫಾಯ್ಡ್ ಕುಸಿಯಿತು. ಲಸಿಕೆಯಿಂದಲೂ ಪೂರ್ತಿ ಇಳಿಯದಿದ್ದ ಪ್ರಕರಣಗಳ ಗೆರೆ ಒಂದೆರಡು ಬೇಸಿಗೆಗಳಲ್ಲಿ ನೆಲ ಹಿಡಿಯಿತು. ಮತ್ತೆ ಮೇಲೇಳಲಿಲ್ಲ.

ಲಸಿಕೆಯೇ ತಡವಾಗಿ ಫಲ ಕೊಟ್ಟಿರಬಹುದಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಲಸಿಕೆ ಹಾಕಿದ್ದು ಶಾಲಾಮಕ್ಕಳಿಗೆ, 1991ರ ಇಳಿಕೆ ಕಂಡದ್ದು ಎಲ್ಲ ವಯಸ್ಸಿನವರಲ್ಲಿ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಹೆಪಟೈಟಿಸ್ ಎ. ಅದೂ ಮಲದಿಂದ ಬಾಯಿಗೆ ಬರುವ ಕಾಯಿಲೆಯೇ, ಆದರೆ ಅದು ವೈರಸ್. ಟೈಫಾಯ್ಡ್ ಲಸಿಕೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಅದೂ ಅದೇ ಹೊತ್ತಿನಲ್ಲಿ ಇಳಿಯಿತು. ಎರಡು ಬೇರೆ ಕಾಯಿಲೆಗಳು ಒಟ್ಟಿಗೆ ಇಳಿದರೆ ಅವೆರಡೂ ಓಡಾಡುತ್ತಿದ್ದ ದಾರಿ ಮುಚ್ಚಿದೆ ಎಂದೇ ಅರ್ಥ. ನಗರವೊಂದರ ರೋಗದ ಅಂಕಿಅಂಶ ಓದುವಾಗ ಈ ವಿಧಾನ ನನಗೆ ತುಂಬ ಉಪಯುಕ್ತವಾಗಿ ಕಾಣುತ್ತದೆ: ಒಂದೇ ಗೆರೆಯನ್ನು ನೋಡಬಾರದು, ಪಕ್ಕದ ಗೆರೆಗಳು ಅದೇ ಹೊತ್ತಿಗೆ ಏನು ಮಾಡುತ್ತಿವೆ ಎಂದು ನೋಡಬೇಕು. ದೊಡ್ಡ ಶುದ್ಧೀಕರಣ ಘಟಕಗಳಾದ ಎಲ್ ಟ್ರೆಬಾಲ್, ಲಾ ಫರ್ಫಾನಾ ಬಂದದ್ದು ಹತ್ತು ವರ್ಷಗಳ ನಂತರ, 2001 ಮತ್ತು 2003ರ ಹೊತ್ತಿಗೆ. ಟೈಫಾಯ್ಡ್ ಇಳಿಯಲು ಅಷ್ಟು ವರ್ಷ ಕಾಯಬೇಕಾಗಿರಲಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಕೊಳಚೆಯನ್ನು ಶುದ್ಧಮಾಡುವ ಮೊದಲೇ ಅದನ್ನು ಹಸಿ ಎಲೆಯಿಂದ ದೂರವಿಟ್ಟರು, ಅಷ್ಟೇ.

ಇಷ್ಟಕ್ಕೇ ಕತೆ ಮುಗಿಯಲಿಲ್ಲ. ಟೈಫಾಯ್ಡ್ ಇಳಿದ ಮೇಲೆ, 1994ರಿಂದ ಚಿಲಿಯಲ್ಲಿ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಏರಿತು. ಹೆಸರು ಒಂದೇ ಕುಲದ್ದು, ನಡೆ ಬೇರೆ. ಇದು ಕೋಳಿಯಲ್ಲಿ ನೆಲೆಸುತ್ತದೆ. ಕೋಳಿಯ ಅಂಡಾಶಯಕ್ಕೆ ಸೇರಿಕೊಂಡು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಹೋಗಬಲ್ಲದು. ಅಂಥ ಮೊಟ್ಟೆಯ ಚಿಪ್ಪನ್ನು ಎಷ್ಟು ಉಜ್ಜಿ ತೊಳೆದರೂ ಪ್ರಯೋಜನವಿಲ್ಲ. ಹಸಿ ಮೊಟ್ಟೆಯ ಮಯೊನೇಸ್ ಇದಕ್ಕೆ ರಾಜಮಾರ್ಗ. ನಮ್ಮಲ್ಲೂ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೊನೇಸನ್ನು ನಿಷೇಧಿಸಿದ್ದು ಈ ಬಗೆಯ ಅಪಾಯಕ್ಕಾಗಿಯೇ. ಕಾಲುವೆ ಮುಚ್ಚಿದರೆ ಮನುಷ್ಯನಿಂದ ಮನುಷ್ಯನಿಗೆ ಬರುವ ಬ್ಯಾಕ್ಟೀರಿಯಾ ನಿಲ್ಲುತ್ತದೆ. ಕೋಳಿ ಫಾರಂನಿಂದ ಬರುವುದು ನಿಲ್ಲುವುದಿಲ್ಲ. ಅದಕ್ಕೆ ಬೇರೆ ಕೆಲಸ ಬೇಕು: ಮರಿಗಳ ಮೂಲದಲ್ಲೇ ಪರೀಕ್ಷೆ, ಮೊಟ್ಟೆಯನ್ನು ತಂಪಿನಲ್ಲಿ ಸಾಗಿಸುವುದು, ಹಳದಿ ಗಟ್ಟಿಯಾಗುವವರೆಗೆ ಬೇಯಿಸುವುದು. ಆದ್ದರಿಂದ ‘ಸಾಲ್ಮೊನೆಲ್ಲಾ ಪ್ರಕರಣಗಳು’ ಎಂದು ಒಟ್ಟು ಸೇರಿಸಿ ಬರೆದ ಅಂಕಿಯಿಂದ ಏನೂ ತಿಳಿಯದು. ಒಂದು ಇಳಿದು ಇನ್ನೊಂದು ಏರಿದ್ದರೆ ಒಟ್ಟು ಗೆರೆ ನೆಟ್ಟಗೆ ನಿಂತಂತೆ ಕಾಣುತ್ತದೆ.

ನಮ್ಮ ನಗರಗಳ ವಿಷಯಕ್ಕೆ ಬಂದರೆ ಮೊದಲ ತೊಡಕೇ ಎಣಿಕೆ. 2017ರಿಂದ 2020ರವರೆಗೆ ದೆಹಲಿ, ಕೋಲ್ಕತ್ತ, ವೆಲ್ಲೂರು ನಗರಗಳಲ್ಲಿ ಮತ್ತು ಪುಣೆ ಬಳಿಯ ಹಳ್ಳಿಗಳಲ್ಲಿ ಒಟ್ಟು 24,000 ಮಕ್ಕಳನ್ನು ನಿಯಮಿತವಾಗಿ ವಿಚಾರಿಸಿ, ಜ್ವರ ಮುಂದುವರಿದವರ ರಕ್ತವನ್ನು ಕಲ್ಚರ್ ಮಾಡಿದ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ) ಅಧ್ಯಯನವೊಂದು ನಡೆಯಿತು. ನಗರಗಳಲ್ಲಿ 1 ಲಕ್ಷ ಮಕ್ಕಳಿಗೆ ವರ್ಷಕ್ಕೆ 576ರಿಂದ 1,173 ಟೈಫಾಯ್ಡ್ ಪ್ರಕರಣ ಸಿಕ್ಕಿದವು. ಪುಣೆಯ ಹಳ್ಳಿಗಳಲ್ಲಿ 35. ಇದನ್ನು ಸ್ಯಾಂಟಿಯಾಗೊದ 200ರ ಪಕ್ಕದಲ್ಲಿಟ್ಟು ‘ನಮ್ಮದು ಐದು ಪಟ್ಟು’ ಎಂದರೆ ತಪ್ಪಾಗುತ್ತದೆ. ಅಲ್ಲಿನದು ಎಲ್ಲ ವಯಸ್ಸಿನವರಲ್ಲಿ ಆಸ್ಪತ್ರೆಗಳು ವರದಿ ಮಾಡಿದ ಸಂಖ್ಯೆ. ಇಲ್ಲಿನದು ಮನೆಮನೆಗೆ ಹೋಗಿ ಮಕ್ಕಳಲ್ಲಿ ಹುಡುಕಿ ತೆಗೆದದ್ದು. ಹುಡುಕಿದಷ್ಟೂ ಹೆಚ್ಚು ಸಿಗುತ್ತದೆ. ಒಂದೇ ಅಳತೆಗೋಲಿನಲ್ಲಿ ಅಳೆದ ನಗರ ಮತ್ತು ಹಳ್ಳಿಯ ನಡುವಿನ ಅಂತರ ಮಾತ್ರ ನಂಬಲರ್ಹ, ಅದು ಬೆಚ್ಚಿಬೀಳಿಸುವಷ್ಟಿದೆ.

ದಿನನಿತ್ಯದ ವರದಿಗಳಲ್ಲಿ ಅಳತೆಗೋಲೇ ಸರಿಯಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಜ್ವರ ಬಂದವರಿಗೆ ಬೀದಿ ಬದಿಯ ಲ್ಯಾಬಿನಲ್ಲಿ ಮಾಡಿಸುವ ವಿಡಾಲ್ ಟೆಸ್ಟ್ 1896ರಲ್ಲಿ ಬಂದದ್ದು. ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಹಿಂದೆಂದೋ ಬಂದುಹೋದ ಸೋಂಕು, ಬೇರೆ ಸಾಲ್ಮೊನೆಲ್ಲಾ, ಮಲೇರಿಯಾ ಇವುಗಳಿಂದಲೂ ಅದು ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ನೋಡಿ ಟೈಫಾಯ್ಡ್ ಎಂದು ಬರೆದರೆ, ಡೆಂಗಿ ಹೆಚ್ಚಿದ ವರ್ಷ ಹೆಚ್ಚು ಜನ ವಿಡಾಲ್ ಮಾಡಿಸುತ್ತಾರೆ, ‘ಟೈಫಾಯ್ಡ್’ ಕೂಡ ಹೆಚ್ಚುತ್ತದೆ. ಸರಿಯಾದ ಪರೀಕ್ಷೆ ಬ್ಲಡ್ ಕಲ್ಚರ್. ಅದಕ್ಕೂ ಮಿತಿಯಿದೆ. ಹತ್ತು ರೋಗಿಗಳಲ್ಲಿ ಸುಮಾರು ಆರು ಜನರನ್ನು ಮಾತ್ರ ಹಿಡಿಯುತ್ತದೆ. ದೊಡ್ಡವರಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು, ಎರಡು ಮಿಲಿಲೀಟರ್ ಎಳೆದು ಕಳಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಸಿಗದೆ ಹೋಗಬಹುದು. ಮೊದಲೇ ಆ್ಯಂಟಿಬಯೋಟಿಕ್ ನುಂಗಿ ಬಂದಿದ್ದರೆ ಇನ್ನೂ ಕಷ್ಟ. ನಮ್ಮ ರೋಗ ಕಣ್ಗಾವಲು ವ್ಯವಸ್ಥೆಯಲ್ಲಿ ಮೂರು ಬಗೆಯ ನಮೂನೆಗಳಿವೆ: ಆರೋಗ್ಯ ಕಾರ್ಯಕರ್ತರು ಲಕ್ಷಣ ನೋಡಿ ತುಂಬುವ ಎಸ್, ವೈದ್ಯರು ಅಂದಾಜಿನ ಮೇಲೆ ತುಂಬುವ ಪಿ, ಲ್ಯಾಬ್ ತುಂಬುವ ಎಲ್. ಪತ್ರಿಕೆಯಲ್ಲಿ ‘ಟೈಫಾಯ್ಡ್ ಪ್ರಕರಣ ಏರಿಕೆ’ ಎಂದು ಓದಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ಆ ಸಂಖ್ಯೆ ಯಾವ ನಮೂನೆಯದು ಎಂಬುದು.

ಕಲ್ಚರ್ ಮಾಡಲೇಬೇಕು ಎನ್ನಲು ಇನ್ನೂ ಗಂಭೀರ ಕಾರಣವಿದೆ: ಸಿಕ್ಕ ಬ್ಯಾಕ್ಟೀರಿಯಾದ ಮೇಲೆ ಯಾವ ಔಷಧ ಕೆಲಸ ಮಾಡುತ್ತದೆ ಎಂದು ಅದರಿಂದ ತಿಳಿಯುತ್ತದೆ. 1990ರ ಆಸುಪಾಸಿನಲ್ಲಿ ಭಾರತದಲ್ಲಿ ಕ್ಲೋರಾಂಫೆನಿಕಾಲ್, ಆ್ಯಂಪಿಸಿಲಿನ್, ಕೋಟ್ರಿಮಾಕ್ಸಜೋಲ್ ಎಂಬ ಮೂರೂ ಔಷಧಗಳು ಒಟ್ಟಿಗೆ ಕೈಕೊಟ್ಟವು. ವೈದ್ಯರು ಸಿಪ್ರೊಫ್ಲಾಕ್ಸಸಿನ್‌ಗೆ ಹೋದರು, ಅದೂ ಸವೆಯಿತು. ಈಗ ನಿಂತಿರುವುದು ಬಹುಮಟ್ಟಿಗೆ ಸೆಫ್ಟ್ರಯಾಕ್ಸೋನ್ ಮತ್ತು ಅಜಿತ್ರೊಮೈಸಿನ್ ಮೇಲೆ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಕಾಣಿಸಿಕೊಂಡ ತಳಿ ಸೆಫ್ಟ್ರಯಾಕ್ಸೋನನ್ನೂ ಮೀರಿತು. ಸ್ಯಾಂಟಿಯಾಗೊಗೆ ಔಷಧ ಕೈಯಲ್ಲಿತ್ತು, ನಿಧಾನಿಸಲು ಸಮಯವಿತ್ತು. ನಮಗೆ ಅದಿಲ್ಲ.

ನಮ್ಮಲ್ಲಿ ದಾರಿ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಪೈಪು ಖಾಲಿಯಾದಾಗ ಒಳಗೆ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಒಡೆದ ಒಳಚರಂಡಿಯಿದ್ದರೆ ಬಿರುಕಿನಿಂದ ಕೊಳಚೆ ಒಳಗೆ ಸೇರಿಕೊಳ್ಳುತ್ತದೆ. ಮುಂದಿನ ಸರದಿಯ ಮೊದಲ ಬಿಂದಿಗೆಯಲ್ಲಿ ಅದು ಮನೆಗೆ ಬರುತ್ತದೆ. ಇದನ್ನು ಸರಿಪಡಿಸದೆ ಸೊಪ್ಪಿನ ಮೇಲೆ ಮಾತ್ರ ದೂರು ಹೊರಿಸುವುದು ನ್ಯಾಯವಲ್ಲ. ಆದರೆ ಎಲ್ಲರೂ ನಲ್ಲಿಯನ್ನೇ ನೋಡುತ್ತಿರುವಾಗ ಸ್ಯಾಂಟಿಯಾಗೊ ಇನ್ನೊಂದು ಕಡೆಗೆ ಬೆರಳು ತೋರಿಸುತ್ತದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ, ಅಚ್ಚುಕಟ್ಟಿನ ಹೊಲಗಳಿಗೆ ಹರಿಯುತ್ತದೆ. ಅಲ್ಲಿನ ರೈತರಲ್ಲಿ ಅನೇಕರು ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿಕಾರ್ನ್ ಕಡೆ ಹೊರಳಿದ್ದಾರೆ. ಆರೋಗ್ಯದ ದೃಷ್ಟಿಯಿಂದ ಹಿಪ್ಪುನೇರಳೆ, ಮೇವು ಒಳ್ಳೆಯ ಆಯ್ಕೆ, ಯಾಕೆಂದರೆ ಅವನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಅಪಾಯ ಇರುವುದು ನೆಲಕ್ಕಂಟಿ ಬೆಳೆದು, ಬೇಗ ಕಟಾವಿಗೆ ಬಂದು, ಹಸಿಯಾಗಿ ಬಾಯಿಗೆ ಹೋಗುವ ಕೊತ್ತಂಬರಿ, ಪುದೀನ, ಮೂಲಂಗಿ, ಸೌತೆಗಳಲ್ಲಿ.

ಇದರ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟಿದೆ. ಅದನ್ನು ಸೊನ್ನೆಗಳಲ್ಲಿ ಹೇಳಿದರೆ ಸುಲಭ. ರೋಗಾಣು ಹತ್ತರಲ್ಲಿ ಒಂದು ಭಾಗಕ್ಕಿಳಿದರೆ ಒಂದು ಸೊನ್ನೆ ಕಳೆದಂತೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಕೊಳಚೆ ನೀರು ಬಳಸುವುದಾದರೆ ಹೊಲದಿಂದ ತಟ್ಟೆಗೆ ಬರುವಷ್ಟರಲ್ಲಿ ಆರು ಸೊನ್ನೆ ಕಳೆಯಬೇಕು. ಸಾಧಾರಣ ಶುದ್ಧೀಕರಣ ಘಟಕ, ಕೊನೆಯಲ್ಲಿ ಕ್ಲೋರಿನ್ ಹಾಕದಿದ್ದರೆ, ಒಂದೆರಡು ಸೊನ್ನೆ ಕಳೆಯುತ್ತದೆ. ನೀರು ತಿಳಿಯಾಗಿ ಕಂಡರೂ ಅಷ್ಟೇ. ಎಲೆಯ ಮೇಲೆ ಎರಚದೆ ಬುಡಕ್ಕೆ ಹನಿ ನೀರಾವರಿ ಕೊಟ್ಟರೆ ಗಿಡ್ಡ ಬೆಳೆಯಲ್ಲಿ ಎರಡು ಸೊನ್ನೆ. ಕಟಾವಿಗೆ ಮೊದಲು ನೀರು ನಿಲ್ಲಿಸಿದರೆ ದಿನಕ್ಕೆ ಅರ್ಧದಿಂದ ಎರಡು ಸೊನ್ನೆ, ಬಿಸಿಲಿದ್ದಷ್ಟೂ ಹೆಚ್ಚು. ಮನೆಯಲ್ಲಿ ತೊಳೆದರೆ ಒಂದು. ಸೋಂಕುನಿವಾರಕದಲ್ಲಿ ನೆನೆಸಿ ತೊಳೆದರೆ ಎರಡು. ಸಿಪ್ಪೆ ಸುಲಿದರೆ ಎರಡು. ಬೇಯಿಸಿದರೆ ಆರು, ಏಳು. ಇವನ್ನು ಕೂಡುತ್ತಾ ಹೋಗಬಹುದು. ಘಟಕ ಎರಡು, ಹನಿ ನೀರಾವರಿ ಎರಡು, ಎರಡು ದಿನ ನೀರು ನಿಲ್ಲಿಸಿದ್ದಕ್ಕೆ ಕಡಿಮೆಯೆಂದರೂ ಒಂದು, ತೊಳೆದದ್ದು ಒಂದು: ಆರಾಯಿತು. ಆದರೆ ಸೊಪ್ಪಿನ ವ್ಯಾಪಾರ ನಡೆಯುವುದೇ ಈ ಲೆಕ್ಕಕ್ಕೆ ತಿರುಗುಮುರುಗಾಗಿ. ಸೊಪ್ಪು ಬಾಡಬಾರದೆಂದು ಕಟಾವಿನ ಹಿಂದಿನ ಸಂಜೆ ನೀರು ಹಾಯಿಸುತ್ತಾರೆ. ಬೇರಿನ ಮಣ್ಣನ್ನು ಅದೇ ಕಾಲುವೆಯಲ್ಲಿ ಅಲುಬಿ ಕಟ್ಟು ಕಟ್ಟುತ್ತಾರೆ. ಇಡೀ ದಾರಿಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ರೈತನನ್ನು ದೂಷಿಸಿ ಪ್ರಯೋಜನವಿಲ್ಲ. ಬಾಡಿದ ಕಟ್ಟಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಉದ್ದೇಶ ಅಂತರ್ಜಲ ಮರುಪೂರಣ. ನೀರು ಮಣ್ಣಿನಲ್ಲಿ ಇಂಗಿ ಕೊಳವೆಬಾವಿಗೆ ಬಂದರೆ ನೆಲವೇ ಹಲವು ಸೊನ್ನೆ ಕಳೆದಿರುತ್ತದೆ. ಅದೇ ನೀರನ್ನು ಕೆರೆಯಿಂದ ನೇರವಾಗಿ ಮೋಟಾರಿನಲ್ಲಿ ಎತ್ತಿ ಕೊತ್ತಂಬರಿ ಮಡಿಗೆ ಬಿಟ್ಟರೆ ಆ ಲಾಭ ತಪ್ಪಿಹೋಗುತ್ತದೆ. ಬರಗಾಲದ ಜಿಲ್ಲೆಗೆ ನೀರು ಬೇಡ ಎನ್ನಲಾಗದು, ಎನ್ನಬಾರದು ಕೂಡ. ಯಾವ ಬೆಳೆಗೆ, ಯಾವ ದಾರಿಯಿಂದ ಎಂಬುದನ್ನು ಮಾತ್ರ ಬಿಗಿ ಹಿಡಿಯಬೇಕು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಬೇರಿನ ತುದಿಯನ್ನು ಎರಡು ಬೆರಳಗಲ ಕತ್ತರಿಸಿ ಎಸೆಯಿರಿ, ಮಣ್ಣು ನಿಲ್ಲುವುದು ಅಲ್ಲೇ. ಕಟ್ಟು ಬಿಚ್ಚಿ ಅಗಲ ಪಾತ್ರೆಯ ತುಂಬ ನೀರಿನಲ್ಲಿ ಅಲುಬಿ, ಸೊಪ್ಪನ್ನು ಮೇಲೆತ್ತಿ ಬೇರೆ ಪಾತ್ರೆಗೆ ಹಾಕಿ. ನೀರು ಬಗ್ಗಿಸಿದರೆ ತಳದ ಗಸಿ ಮತ್ತೆ ಎಲೆಗೆ ಕೂರುತ್ತದೆ. ಹೀಗೆ ಮೂರು ಸಲ. ಚಟ್ನಿ, ಕೋಸಂಬರಿಗೆ ಹಸಿಯಾಗಿ ಬೇಕಿದ್ದರೆ ಆಮೇಲೆ ಕ್ಲೋರಿನ್: ಶೇ 4ರ, ಪರಿಮಳ ಸೇರಿಸದ, ಆಹಾರಕ್ಕೆಂದೇ ಮಾರುವ ಸೋಡಿಯಂ ಹೈಪೊಕ್ಲೋರೈಟ್ 25 ಮಿಲಿಲೀಟರನ್ನು 10 ಲೀಟರ್ ನೀರಿಗೆ ಬೆರೆಸಿದರೆ ಲೀಟರಿಗೆ 100 ಮಿಲಿಗ್ರಾಂ ಆಗುತ್ತದೆ. ಐದು ನಿಮಿಷ ಮುಳುಗಿಸಿಟ್ಟು ಕುಡಿಯುವ ನೀರಿನಲ್ಲಿ ಮತ್ತೊಮ್ಮೆ ತೊಳೆಯಬೇಕು. ಮಣ್ಣು ಉಳಿದಿದ್ದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗಿ ಹೋಗುತ್ತದೆ, ಅದಕ್ಕೇ ಮೊದಲ ಮೂರು ತೊಳೆತ. ಬಸ್ಸಾರು, ಮಸ್ಸೊಪ್ಪು ಮಾಡುವವರಿಗೆ ಇದ್ಯಾವುದೂ ಬೇಡ, ಕುದಿ ಬಂದರೆ ಸಾಕು. ಇಳಿಸಿದ ಸಾರಿನ ಮೇಲೆ ಉದುರಿಸುವ ಹಸಿ ಕೊತ್ತಂಬರಿ ಮಾತ್ರ ಈ ರಕ್ಷಣೆಯ ಹೊರಗೆ ಉಳಿಯುತ್ತದೆ. ಅದನ್ನು ಕುದಿಯುವಾಗಲೇ ಹಾಕಿಬಿಡಿ.

ಆದರೆ ಅಡುಗೆಮನೆಯ ಒಂದೆರಡು ಸೊನ್ನೆಯಿಂದ ನಗರದ ಗೆರೆ ಇಳಿಯುವುದಿಲ್ಲ. ನವಿ ಮುಂಬೈ ಪಾಲಿಕೆ 2018ರಲ್ಲಿ 1 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹೊಸ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಹಾಕಿಸಿತು. ನಮ್ಮ ಪಾಲಿಕೆಗಳೂ ಮಾಡಬಹುದಾದ ಕೆಲಸ ಅದು. ಅದರ ಜೊತೆಗೆ ಪ್ರತಿ ರಾಜಕಾಲುವೆ ಊರು ಬಿಡುವ ಜಾಗದಲ್ಲಿ, ಪ್ರತಿ ಶುದ್ಧೀಕರಣ ಘಟಕದ ಹೊರಬಾಯಲ್ಲಿ, ಸೊಪ್ಪಿನ ಹೊಲಕ್ಕೆ ನೀರು ತಿರುಗುವ ತೂಬಿನಲ್ಲಿ ತಿಂಗಳಿಗೊಮ್ಮೆ ಆ ನಾಲ್ಕಡಿ ಗಾಜ್ ಬಟ್ಟೆ ಇಳಿಬಿಟ್ಟು, ಮೂರನೇ ದಿನ ಎತ್ತಿ ಲ್ಯಾಬಿಗೆ ಕಳಿಸಬೇಕು. ಫಲಿತಾಂಶವನ್ನು ಅದೇ ವಾರದ ಬ್ಲಡ್ ಕಲ್ಚರ್ ಪಟ್ಟಿಯ ಪಕ್ಕದಲ್ಲಿ, ಅದೇ ನಕ್ಷೆಯ ಮೇಲೆ ಗುರುತಿಸಬೇಕು. ಆಗ ಯಾವ ತೂಬು ಮೊದಲು ಮುಚ್ಚಬೇಕು ಎಂದು ನಕ್ಷೆಯೇ ತೋರಿಸುತ್ತದೆ.